ಹುಟ್ಟದೆ ಸತಾಯಿಸುವ ಬೀಜಗಳನ್ನು ಎಬ್ಬಿಸುವುದು ಹೇಗೆ: ಬೆಂಗಳೂರಿನ ತೋಟಗಳಿಗೆ ಒಂದು ಮಾರ್ಗದರ್ಶಿ

ಹುರುಳಿಕಾಳು ನೆನೆಹಾಕಿ ಮೊಳಕೆ ಕಟ್ಟುವವರಿಗೆ ಗೊತ್ತು. ರಾತ್ರಿಯಿಡೀ ನೀರಲ್ಲಿದ್ದರೂ ನಾಲ್ಕಾರು ಕಾಳು ಉಬ್ಬದೆ, ಕಲ್ಲಿನ ಹಾಗೆ ಪಾತ್ರೆಯ ತಳದಲ್ಲಿ ಉಳಿದಿರುತ್ತವೆ. ಹಲ್ಲಿಗೆ ಸಿಕ್ಕರೆ ಕಷ್ಟ ಅಂತ ನಾವು ಅವನ್ನು ಆರಿಸಿ ಎಸೆಯುತ್ತೇವೆ. ಆದರೆ ಆ ಕಾಳು ಸತ್ತಿಲ್ಲ. ಅದರ ಸಿಪ್ಪೆ ನೀರನ್ನು ಒಳಗೆ ಬಿಟ್ಟಿಲ್ಲ, ಅಷ್ಟೇ. ಒಂದು ಕಡೆ ಸ್ವಲ್ಪ ಉಜ್ಜಿ ಮತ್ತೆ ನೆನೆಹಾಕಿ ನೋಡಿ, ಉಬ್ಬಿಕೊಳ್ಳುತ್ತದೆ.

ಒಂದು ಸಲ ಹುಟ್ಟಿದರೆ ವರ್ಷಗಟ್ಟಲೆ ಹೂ ಕೊಡುವ ಎಷ್ಟೋ ಗಿಡಗಳ ಬೀಜದಲ್ಲಿ ಇಂಥ ಹಟ ಇದೆ. ಕಾಬಾಳೆ, ತಾವರೆ, ಸಂಪಿಗೆ, ಗುಲಾಬಿ, ಲ್ಯಾವೆಂಡರ್, ಬರ್ಡ್ ಆಫ್ ಪ್ಯಾರಡೈಸ್ ಎಲ್ಲ ಈ ಸಾಲಿಗೆ ಸೇರಿದವು. ಚೆಂಡುಹೂವಿನ ಹಾಗೆ ಮಣ್ಣಿಗೆ ಉದುರಿಸಿ ನೀರು ಚಿಮುಕಿಸಿದರೆ ಇವು ಏಳುವುದಿಲ್ಲ. ಹದಿನೈದು ದಿನ ಕಾದು, "ಬೀಜ ಸರಿ ಇಲ್ಲ" ಅಂತ ಕುಂಡ ಕವುಚಿಬಿಡುತ್ತೇವೆ. ನಾನೂ ಬೇಕಾದಷ್ಟು ಕವುಚಿದ್ದೇನೆ. ಬನಶಂಕರಿಯ ನಮ್ಮ ತಾರಸಿಯಲ್ಲಿ ಹನ್ನೆರಡು ವರ್ಷ ಬೀಜ ಹಾಕಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಮಣ್ಣು, ಗೊಬ್ಬರ, ನೀರು ಎಲ್ಲ ಆಮೇಲಿನ ಮಾತು. ಈ ಬೀಜ ಯಾವುದಕ್ಕಾಗಿ ಕಾಯುತ್ತಿದೆ ಅನ್ನುವುದು ಮೊದಲು ಗೊತ್ತಾಗಬೇಕು.

ಮೊದಲ ಹೆಜ್ಜೆ: ಬೀಜವನ್ನು ಕೈಯಲ್ಲಿ ಹಿಡಿದು ನೋಡಿ

ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಗುರು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿ, ನುಣುಪು ಇದ್ದರೆ ಅದು ಸಿಪ್ಪೆಯ ಸಮಸ್ಯೆ. ನೀರು ಒಳಗೆ ಹೋಗಲು ದಾರಿ ಮಾಡಬೇಕು. ಬಣ್ಣದ ತಿರುಳು ಅಂಟಿಕೊಂಡಿದ್ದರೆ, ಅದು ಹಕ್ಕಿ ತಿಂದು ಬೀಳಿಸಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು. ಅಂಥ ತಿರುಳಿನಲ್ಲಿ ಎಷ್ಟೋ ಸಲ ಮೊಳಕೆ ತಡೆಯುವ ಅಂಶ ಇರುತ್ತದೆ. ಹಕ್ಕಿಯ ಹೊಟ್ಟೆ ಮಾಡುವ ಕೆಲಸವನ್ನು ನಾವು ಮಾಡಬೇಕು. ಬೀಜ ಧೂಳಿನ ಹಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ ಬೆಳಕು ಬೇಕು. ಮಣ್ಣು ಮುಚ್ಚಿದರೆ ಕೆಟ್ಟಿತು. ಇನ್ನು ಗಿಡದ ತವರು ಹಿಮ ಬೀಳುವ ಊರಾಗಿದ್ದರೆ, ಆ ಬೀಜ ಚಳಿಗಾಲ ದಾಟಿತು ಅನ್ನುವ ಸೂಚನೆಗಾಗಿ ಕಾಯುತ್ತಿರುತ್ತದೆ. ಚಳಿಗಾಲಕ್ಕೆ ಮುಂಚೆ ಮೊಳೆತ ಸಸಿ ಅಲ್ಲಿ ಬದುಕುವುದಿಲ್ಲವಲ್ಲ.

ಕೆಲವು ಬೀಜಗಳಲ್ಲಿ ಎರಡು ಬೀಗ ಇರುತ್ತದೆ. ಗಟ್ಟಿ ಸಿಪ್ಪೆಯೂ ಉಂಟು, ಒಳಗಿನ ನಿದ್ದೆಯೂ ಉಂಟು. ಆಗ ಸಿಪ್ಪೆಯ ಕೆಲಸ ಮೊದಲು, ಉಳಿದದ್ದು ಆಮೇಲೆ. ಈ ಕ್ರಮ ತಪ್ಪಿದರೆ ಎರಡೂ ವ್ಯರ್ಥ.

ಎರಡನೇ ಹೆಜ್ಜೆ: ಬೀಜ ತಾಜಾ ಇದೆಯಾ?

ಬೆಂಗಳೂರಿನಲ್ಲಿ ನಾನು ಕಂಡ ಸೋಲುಗಳಲ್ಲಿ ಜಾಸ್ತಿ ಪಾಲು ಇಲ್ಲೇ. ಒಂದು ಸಲ ಆನ್‌ಲೈನ್‌ನಲ್ಲಿ ಜರ್ಬೆರಾ ಬೀಜ ತರಿಸಿದೆ. ಪ್ಯಾಕೆಟ್ಟಿನ ಮೇಲೆ ಒಳ್ಳೆಯ ಚಿತ್ರ ಇತ್ತು, ತಾರೀಖು ಇರಲಿಲ್ಲ. ಮೂವತ್ತು ಬೀಜದಲ್ಲಿ ಒಂದೂ ಹುಟ್ಟಲಿಲ್ಲ. ನನ್ನ ಕೈಗುಣವೇ ಸರಿ ಇಲ್ಲ ಅಂತ ಬೇಜಾರಾಯಿತು. ಆಮೇಲೆ ನಮ್ಮ ಕುಂಡದ ಜರ್ಬೆರಾದಲ್ಲೇ ಬಲಿತ ಬೀಜ ಆರಿಸಿ ಅದೇ ವಾರ ಹಾಕಿದೆ. ಎರಡೇ ವಾರದಲ್ಲಿ ಒಂಬತ್ತು ಸಸಿ ಎದ್ದವು. ಜರ್ಬೆರಾ ಬೀಜದ ಜೀವ ಕೆಲವೇ ತಿಂಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಮಲಗಿಸಿ ಮುಚ್ಚಬಾರದು. ಚೂಪು ತುದಿ ಕೆಳಗೆ, ಕೂದಲಿನ ಕುಚ್ಚು ಮೇಲೆ ಕಾಣುವ ಹಾಗೆ ಚುಚ್ಚಿ ನಿಲ್ಲಿಸಬೇಕು.

ಸಂಪಿಗೆಯ ವಿಷಯ ಇನ್ನೂ ಸೂಕ್ಷ್ಮ. ಮಲ್ಲೇಶ್ವರದಲ್ಲಿ ಒಂದು ರಸ್ತೆಗೇ ಅದರ ಹೆಸರಿದೆ, ಆದರೂ ಬೀಜದಿಂದ ಸಂಪಿಗೆ ಮಾಡಿದವರು ಕಡಿಮೆ. ಅದರ ಕಾಯಿ ಗೊಂಚಲಾಗಿ ಬರುತ್ತದೆ. ಬಲಿತಾಗ ಬಿರಿದು, ಒಳಗೆ ಕೆಂಪು ತಿರುಳು ಹೊದ್ದ ಬೀಜ ಕಾಣುತ್ತದೆ. ಮರದ ಕೆಳಗೆ ಬಿದ್ದು ಒಣಗಿದ್ದನ್ನು ಬಿಡಿ. ಈಗಷ್ಟೇ ಬಿರಿದ ಕಾಯಿಯ ಬೀಜ ತೆಗೆದುಕೊಳ್ಳಿ. ಒಂದು ರಾತ್ರಿ ನೀರಲ್ಲಿಡಿ. ಬೆಳಿಗ್ಗೆ ದಪ್ಪ ಮರಳು ಸೇರಿಸಿ, ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಜರಡಿಯಲ್ಲಿ ತೊಳೆಯಿರಿ. ತಿರುಳೆಲ್ಲ ಹೋಗಿ ಕಪ್ಪು ಬೀಜ ಉಳಿಯಬೇಕು. ಬಿಸಿಲಲ್ಲಿ ಒಣಗಿಸಬೇಡಿ. ಈ ಬೀಜದಲ್ಲಿ ಎಣ್ಣೆ ಇದೆ, ಒಣಗಿದರೆ ಬೇಗ ಕೆಡುತ್ತದೆ. ಅದೇ ದಿನ ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ. ಒಂದು ತಿಂಗಳಾದರೂ ಕಾಯಬೇಕು, ಕೆಲವು ಮೂರು ತಿಂಗಳೂ ತೆಗೆದುಕೊಳ್ಳುತ್ತವೆ. ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಚಿಕ್ಕ ಕಪ್ಪು ಬೇಡ, ಉದ್ದನೆಯ ನರ್ಸರಿ ಕವರೇ ಆಗಬೇಕು. ಬೀಜದ ಸಂಪಿಗೆ ಹೂ ಬಿಡಲು ವರ್ಷಗಟ್ಟಲೆ ಹಿಡಿಯುತ್ತದೆ, ಕೊನೆಗೆ ಅದು ಮರವಾಗುತ್ತದೆ. ಬೇಗ ಹೂ ಬೇಕಾದವರು ಕಸಿ ಗಿಡವನ್ನೇ ತರುವುದು ಒಳ್ಳೆಯದು.

ಅಂಥೂರಿಯಂ ಬೀಜವನ್ನೂ ಒಂದು ದಿನ ಕೂಡ ಒಣಗಲು ಬಿಡಬೇಡಿ. ಹಣ್ಣು ಹಿಸುಕಿ, ಲೋಳೆ ತೊಳೆದು, ಒದ್ದೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಸುಮ್ನೆ ಇಟ್ಟರೆ ಸಾಕು.

ಕೊಂಡ ಬೀಜದ ಬಗ್ಗೆ ಅನುಮಾನ ಇದ್ದರೆ, ಕಾಳು ಕಟ್ಟುವ ಹಾಗೆಯೇ ಪರೀಕ್ಷೆ ಮಾಡಿ. ಹತ್ತು ಬೀಜ ಎಣಿಸಿ, ಹಳೇ ಪಂಚೆಯ ಒದ್ದೆ ತುಂಡಿನಲ್ಲಿ ಮಡಚಿ, ಡಬ್ಬಿಯಲ್ಲಿಡಿ. ಎಷ್ಟು ಮೊಳೆತವು ಅನ್ನುವುದರ ಮೇಲೆ ಉಳಿದದ್ದನ್ನು ಎಷ್ಟು ಒತ್ತಾಗಿ ಹಾಕಬೇಕು ಅಂತ ತೀರ್ಮಾನಿಸಬಹುದು. ಗಟ್ಟಿ ಬೀಜಕ್ಕೆ ಮೊದಲು ಸಿಪ್ಪೆ ಉಜ್ಜಿ, ಚಳಿ ಬೇಕಾದದ್ದಕ್ಕೆ ಚಳಿ ಕೊಟ್ಟು ಆಮೇಲೆ ಈ ಪರೀಕ್ಷೆ ಮಾಡಬೇಕು. ಇಲ್ಲದಿದ್ದರೆ ಒಳ್ಳೆಯ ಬೀಜವೂ ಸತ್ತಂತೆ ಕಾಣುತ್ತದೆ. ನೀರಲ್ಲಿ ತೇಲಿದ್ದೆಲ್ಲ ಜೊಳ್ಳು ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಕುಚ್ಚು ಇರುವ ಬೀಜಗಳು ಚೆನ್ನಾಗಿದ್ದರೂ ತೇಲುತ್ತವೆ.

ಮೂರನೇ ಹೆಜ್ಜೆ: ಗಟ್ಟಿ ಸಿಪ್ಪೆಗೆ ದಾರಿ ಮಾಡುವುದು

ನನಗೆ ಬಹಳ ಖುಷಿ ಕೊಡುವ ಕೆಲಸ ಇದು, ಯಾಕೆಂದರೆ ಫಲ ಬೇಗ ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಉಪ್ಪುಕಾಗದ, ಒಂದು ಸಣ್ಣ ಅರ, ಉಗುರು ಕತ್ತರಿ ಇದ್ದರೆ ಸಾಕು.

ಕಾಬಾಳೆಯಿಂದ ಶುರು ಮಾಡಿ. ಅದರ ಕಪ್ಪು ಗುಂಡು ಬೀಜ ಬಟಾಣಿ ಗಾತ್ರ ಇರುತ್ತದೆ, ಬಂದೂಕಿನ ಚರೆಯಷ್ಟು ಗಟ್ಟಿ. ಒಂದು ಕಡೆ ಬೀಜದ ಕಣ್ಣು ಕಾಣುತ್ತದೆ, ಅಲ್ಲಿಂದಲೇ ಬೇರು ಹೊರಡುವುದು. ಆ ಜಾಗ ಮುಟ್ಟಬೇಡಿ. ಪಕ್ಕದಲ್ಲಿ ಅರದಿಂದ ಉಜ್ಜಿ. ಕಪ್ಪು ಹೋಗಿ ಬಿಳಿ ಕಂಡ ಕೂಡಲೇ ನಿಲ್ಲಿಸಿ. ಜಾಸ್ತಿ ಉಜ್ಜಿದರೆ ಒಳಗಿನ ತಿರುಳಿಗೆ ಗಾಯವಾಗಿ ಕೊಳೆಯುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ 24 ಗಂಟೆ ಬಿಡಿ. ಬೀಜ ಊದಿಕೊಂಡಿದ್ದರೆ ಕೆಲಸ ಆಯಿತು. ಊದದೇ ಇದ್ದರೆ ಇನ್ನೊಂದಿಷ್ಟು ಉಜ್ಜಿ ಮತ್ತೆ ನೆನೆಹಾಕಿ. ಬೆಚ್ಚಗಿನ ಕಾಲದಲ್ಲಿ ಒಂದೆರಡು ವಾರಕ್ಕೆ ಮೊಳಕೆ ಬರುತ್ತದೆ.

ತಾವರೆಯೂ ಹೀಗೆಯೇ. ಗ್ರಂಧಿಗೆ ಅಂಗಡಿಯಲ್ಲಿ ಬೀಜ ಕೇಳುವಾಗ, ಮಾಲೆಗೆ ತೂತು ಕೊರೆದದ್ದು ಬೇಡ ಅಂತ ಹೇಳಿ. ಬೀಜದ ಒಂದು ತುದಿಯಲ್ಲಿ ಸಣ್ಣ ಮುಳ್ಳಿನಂಥ ಮೊನೆ, ಇನ್ನೊಂದು ತುದಿಯಲ್ಲಿ ಕುಳಿ ಇರುತ್ತದೆ. ಕುಳಿ ಇರುವ ತುದಿಯನ್ನು ಉಜ್ಜಿ, ಒಳಗಿನ ಕೆನೆಬಣ್ಣ ಕಂಡಾಗ ನಿಲ್ಲಿಸಿ. ಗಾಜಿನ ಲೋಟದಲ್ಲಿ ನೀರು ಹಾಕಿ ಕಿಟಕಿಯ ಹತ್ತಿರ ಇಡಿ, ನೀರನ್ನು ದಿನಾ ಬದಲಿಸಿ. ಒಂದು ವಾರದೊಳಗೆ ಹಸಿರು ಮೊಳಕೆ ಮಡಿಕೆ ಬಿಚ್ಚಿಕೊಂಡು ಮೇಲೇಳುವುದನ್ನು ನೋಡುವುದೇ ಚೆಂದ. ಮನೆಯಲ್ಲಿ ಮಕ್ಕಳಿದ್ದರೆ ಖಂಡಿತ ತೋರಿಸಿ. ಈ ಸಿಪ್ಪೆ ಎಷ್ಟು ಭದ್ರ ಅಂದರೆ, ಚೀನಾದ ಒಂದು ಒಣಗಿದ ಕೆರೆಯ ತಳದಲ್ಲಿ ಸಿಕ್ಕಿದ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜವನ್ನು ವಿಜ್ಞಾನಿಗಳು ಮೊಳೆಸಿದ್ದಾರೆ. ಅಷ್ಟು ವರ್ಷ ಅದು ನೀರಿಗಾಗಿ ಕಾದಿತ್ತು. ಸಸಿಯನ್ನು ತೊಟ್ಟಿಗೆ ಹಾಕಿದ ಮೇಲೆ ನಾಲ್ಕು ಗಪ್ಪಿ ಮೀನು ಬಿಡುವುದನ್ನು ಮರೆಯಬೇಡಿ. ನಿಂತ ನೀರಿಗೆ ಡೆಂಗಿ ಸೊಳ್ಳೆ ಬರುವ ಊರು ನಮ್ಮದು.

ಒಂದೊಂದೇ ಉಜ್ಜಲು ಆಗದಷ್ಟು ಬೀಜ ಇದ್ದರೆ ಬಿಸಿನೀರು ಬಳಸಬಹುದು. ನೀರು ಕುದಿಸಿ, ಒಲೆ ಆರಿಸಿ, ಎರಡು ಮೂರು ನಿಮಿಷ ಬಿಟ್ಟು, ಬೀಜದ ಮೇಲೆ ಸುರಿಯಿರಿ. ಅದೇ ನೀರಲ್ಲಿ ಆರುವ ತನಕ, ಅಂದರೆ ಮಾರನೇ ದಿನದವರೆಗೆ ಇರಲಿ. ಒಲೆಯ ಮೇಲೆ ಕುದಿಸಿದರೆ ಬೀಜ ಬೆಂದೇ ಹೋಗುತ್ತದೆ. ಶಂಖಪುಷ್ಪಕ್ಕೆ ಇಷ್ಟೆಲ್ಲ ಬೇಡ, ಬಹಳ ಸಲ ರಾತ್ರಿ ನೆನೆಸಿದರೆ ಸಾಕು.

ಬರ್ಡ್ ಆಫ್ ಪ್ಯಾರಡೈಸ್ ದಕ್ಷಿಣ ಆಫ್ರಿಕಾದ ಗಿಡ. ಕಪ್ಪು ಬೀಜಕ್ಕೆ ಕಿತ್ತಳೆ ಬಣ್ಣದ ಜುಟ್ಟು ಇರುತ್ತದೆ. ಅದನ್ನು ಪೂರ್ತಿ ಕಿತ್ತುಹಾಕಿ, ಸಿಪ್ಪೆಯನ್ನು ಉಜ್ಜಿ, ಎರಡು ದಿನ ನೆನೆಸಿ, ಬೆಚ್ಚಗಿನ ಜಾಗದಲ್ಲಿ ಹಾಕಿ. ಇದು ಒಂದು ತಿಂಗಳಿಗೂ ಏಳಬಹುದು, ಆರು ತಿಂಗಳೂ ತೆಗೆದುಕೊಳ್ಳಬಹುದು.

ಗುಲಗಂಜಿ ಬೀಜವನ್ನು ಮಾತ್ರ ಮನೆಯಲ್ಲಿ ಉಜ್ಜಲು ಹೋಗಬೇಡಿ. ಅದರೊಳಗೆ ಅಬ್ರಿನ್ ಅನ್ನುವ ಘೋರ ವಿಷ ಇದೆ. ಸಿಪ್ಪೆ ಒಡೆದರೆ ಅದು ಹೊರಬರುತ್ತದೆ.

ನಾಲ್ಕನೇ ಹೆಜ್ಜೆ: ಚಳಿಗಾಲವನ್ನು ಫ್ರಿಜ್ಜಿನಲ್ಲಿ ಕೊಡುವುದು

ಬೆಂಗಳೂರು ತಂಪು ಊರು ಅಂತ ನಮಗೆ ಹೆಮ್ಮೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ಜನವರಿಯಲ್ಲಿ ಸ್ವೆಟರ್ ತೆಗೆಯುತ್ತೇವೆ. ಆದರೆ ಆಗಲೂ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಗುಲಾಬಿ ಬೀಜಕ್ಕೆ ಇದು ಚಳಿಯೇ ಅಲ್ಲ. ಅದಕ್ಕೆ 4, 5 ಡಿಗ್ರಿ ಬೇಕು, ಅದೂ ವಾರಗಟ್ಟಲೆ, ತೇವದ ಜೊತೆಗೆ. ಒಣ ಪ್ಯಾಕೆಟ್ಟನ್ನು ಹಾಗೇ ಫ್ರಿಜ್ಜಿನಲ್ಲಿಟ್ಟರೆ ಪ್ರಯೋಜನವಿಲ್ಲ. ನೀರು ಕುಡಿದ ಬೀಜಕ್ಕೆ ಮಾತ್ರ ಚಳಿಯ ಲೆಕ್ಕ ಸಿಗುತ್ತದೆ.

ಗುಲಾಬಿಯ ಹೂ ಬಾಡಿದ ಮೇಲೆ ಕತ್ತರಿಸದೆ ಬಿಟ್ಟರೆ ಕೆಲವು ಜಾತಿಗಳಲ್ಲಿ ಕಾಯಿ ಕಟ್ಟುತ್ತದೆ. ಅದು ಮೂರು ನಾಲ್ಕು ತಿಂಗಳಿಗೆ ಕಿತ್ತಳೆ ಅಥವಾ ಕೆಂಪಾಗುತ್ತದೆ. ಆಗ ಕೊಯ್ದು, ಬೀಜ ಬಿಡಿಸಿ, ಸುತ್ತಲಿನ ರೋಮ, ತಿರುಳು ಎಲ್ಲ ತೊಳೆಯಿರಿ. ಒಂದು ದಿನ ನೆನೆಸಿ. ಕೊಕೊಪೀಟನ್ನು ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ಮಾತ್ರ ಒದ್ದೆ ಮಾಡಿ, ಬೀಜವನ್ನು ಅದರಲ್ಲಿ ಬೆರೆಸಿ, ಜಿಪ್ ಕವರಿನಲ್ಲಿ ಹಾಕಿ, ತರಕಾರಿ ಇಡುವ ಟ್ರೇಯಲ್ಲಿ ಇಡಿ. ಫ್ರೀಜರ್‌ನಲ್ಲಿ ಬೇಡ. ಕವರಿನ ಮೇಲೆ ಹೆಸರು, ತಾರೀಖು, "ಬೀಜ, ಎಸೆಯಬೇಡಿ" ಅಂತ ದೊಡ್ಡದಾಗಿ ಬರೆಯಿರಿ. ನಮ್ಮ ಮನೆಯಲ್ಲಿ ಐದು ವಾರ ಕಾದಿದ್ದ ಕವರು ಹಬ್ಬದ ಸ್ವಚ್ಛತೆಯಲ್ಲಿ ಕಸಕ್ಕೆ ಹೋಗಿ, ಒಂದು ವರ್ಷವೇ ಹಿಂದೆ ಬಿತ್ತು.

ಗುಲಾಬಿಗೆ ಆರರಿಂದ ಹತ್ತು ವಾರ, ಲ್ಯಾವೆಂಡರಿಗೆ ಮೂರು ನಾಲ್ಕು ವಾರ ಸಾಕು. ದಸರೆಯ ಹೊತ್ತಿಗೆ ಗುಲಾಬಿ ಬೀಜ ಒಳಗಿಟ್ಟು, ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಹೊರಗೆ ತೆಗೆಯುವುದು ನನ್ನ ಪದ್ಧತಿ. ಅಷ್ಟರಲ್ಲಿ ಜೋರು ಮಳೆ ಮುಗಿದಿರುತ್ತದೆ, ಬಿಸಿಲು ಎಳೆಯದಾಗಿರುತ್ತದೆ, ಸಸಿಗೆ ಫೆಬ್ರವರಿಯವರೆಗೆ ಹಿತವಾದ ಕಾಲ. ವಾರಕ್ಕೊಮ್ಮೆ ಕವರು ತೆಗೆದು ನೋಡಿ. ಕೆಲವು ಒಳಗೇ ಬಿಳಿ ಬೇರು ಬಿಟ್ಟಿರುತ್ತವೆ. ಅವನ್ನು ಆಗಲೇ ನೆಡಬೇಕು. ಬೀಜದ ಗುಲಾಬಿ ತಾಯಿಯ ಹಾಗೇ ಇರುವುದಿಲ್ಲ, ಇದು ಗೊತ್ತಿರಲಿ. ನನಗಂತೂ ಅದೇ ಇಷ್ಟ. ಕೆಂಪು ಗುಲಾಬಿಯ ಕಾಯಿಯಿಂದ ತೆಳು ಗುಲಾಬಿ ಬಣ್ಣದ, ಐದೇ ಎಸಳಿನ ಹೂ ಬಂದಾಗ ಆದ ಸಂತೋಷ ದೊಡ್ಡದು.

ಐದನೇ ಹೆಜ್ಜೆ: ಮತ್ತೂ ಏಳದಿದ್ದರೆ ಜಿ.ಎ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಜಿಬ್ಬರೆಲಿಕ್ ಆಮ್ಲ, ಅಂದರೆ ಜಿ.ಎ., ಹೊಸದಲ್ಲ. ಗೊಂಚಲು ಉದ್ದವಾಗಲು, ಹಣ್ಣು ದಪ್ಪವಾಗಲು ಬಳಸುತ್ತಾರೆ. ಕೃಷಿ ಔಷಧಿ ಅಂಗಡಿಯಲ್ಲಿ ಸಣ್ಣ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ನಿದ್ದೆಯಲ್ಲಿರುವ ಬೀಜಕ್ಕೆ ಇದು "ಏಳು" ಅನ್ನುವ ಸೂಚನೆ.

ಪುಡಿ ನೀರಲ್ಲಿ ನೇರವಾಗಿ ಸರಿಯಾಗಿ ಕರಗುವುದಿಲ್ಲ. ಮೊದಲು ಒಂದೆರಡು ಚಮಚ ಸ್ಪಿರಿಟ್‌ನಲ್ಲಿ ಕರಗಿಸಿ, ಆಮೇಲೆ ನೀರಿಗೆ ಸೇರಿಸಿ. ಪ್ಯಾಕೆಟ್ಟಿನ ಮೇಲೆ ಬರೆದ ಶೇಕಡಾ ಪ್ರಮಾಣ ನೋಡಿಕೊಳ್ಳಿ. ಶುದ್ಧ ಪುಡಿಯಾದರೆ ಒಂದು ಗ್ರಾಮಿಗೆ ಎರಡು ಲೀಟರ್ ನೀರು, ಅಂದರೆ 500 ಪಿಪಿಎಂ. ಬೀಜವನ್ನು 24 ಗಂಟೆ ನೆನೆಸಿ, ತೊಳೆದು, ಹಾಕಿ. ಕೈಗೆ ಗ್ಲೌಸ್ ಇರಲಿ. ಕಲಸಿದ ನೀರು ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಆಗಾಗ ಹೊಸದಾಗಿ ಮಾಡಿಕೊಳ್ಳಿ.

ಇದನ್ನು ನಾನು ಕೊನೆಯ ದಾರಿಯಾಗಿ ಇಟ್ಟುಕೊಂಡಿದ್ದೇನೆ. ಪ್ರಮಾಣ ಜಾಸ್ತಿಯಾದರೆ ಸಸಿ ತೆಳ್ಳಗೆ, ಉದ್ದಕ್ಕೆ ಏರಿ ಬಾಗಿ ಬೀಳುತ್ತದೆ. ಜಿಬ್ಬರೆಲಿನ್ ಪತ್ತೆಯಾದದ್ದೇ ಹಾಗೆ. ಭತ್ತದ ಪೈರು ಸುಮ್ಮನೆ ಎತ್ತರಕ್ಕೆ ಬೆಳೆದು ಬೀಳುವ ರೋಗಕ್ಕೆ ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣ ಅಂತ 1926ರಲ್ಲಿ ಜಪಾನಿನ ವಿಜ್ಞಾನಿ ಎಯಿಚಿ ಕುರೊಸಾವಾ ತೋರಿಸಿದರು.

ಆರನೇ ಹೆಜ್ಜೆ: ಹಾಸು ಮತ್ತು ಬಿತ್ತನೆ

ತಿಂಗಳುಗಟ್ಟಲೆ ಕಾಯುವ ಬೀಜಕ್ಕೆ ಗೊಬ್ಬರ ತುಂಬಿದ ಮಣ್ಣು ಕೊಟ್ಟರೆ ಬೂಷ್ಟು ಹಿಡಿಯುತ್ತದೆ. ಎರಡು ಪಾಲು ಕೊಕೊಪೀಟ್, ಒಂದು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಹರಳು). ಪರ್ಲೈಟ್ ಇಲ್ಲದಿದ್ದರೆ ಮರಳನ್ನೇ ಎರಡು ಪಾಲು ಮಾಡಿ. ಎಂ-ಸ್ಯಾಂಡ್ ಆದರೆ ಧೂಳು ಪೂರ್ತಿ ಹೋಗುವ ತನಕ ತೊಳೆಯಬೇಕು, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಬಿಗಿಯುತ್ತದೆ. ಕೊಕೊಪೀಟಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಅದನ್ನೂ ಮೂರು ನೀರಲ್ಲಿ ತೊಳೆದು ಹಿಂಡಿ. ಆಮೇಲೆ ಹಳೇ ಇಡ್ಲಿ ಪಾತ್ರೆಯೊಂದನ್ನು ಇದಕ್ಕೇ ಮೀಸಲಿಟ್ಟು, ಒದ್ದೆ ಮಿಶ್ರಣವನ್ನು ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ತಣ್ಣಗಾದ ಮೇಲೆ ಒಂದು ಬಕೆಟ್ಟಿಗೆ ಎರಡು ಚಮಚ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಶಿಲೀಂಧ್ರದ ಪುಡಿ ಬೆರೆಸಿದರೆ ಕೆಟ್ಟ ಶಿಲೀಂಧ್ರಕ್ಕೆ ಜಾಗ ಸಿಗುವುದಿಲ್ಲ.

ಬೀಜ ಎಷ್ಟು ದಪ್ಪವೋ ಅಷ್ಟು, ಹೆಚ್ಚೆಂದರೆ ಅದರ ಎರಡರಷ್ಟು ಮೇಲ್ಮುಚ್ಚು. ಲ್ಯಾವೆಂಡರ್ ಬೀಜವನ್ನು ಮೇಲೆ ಒತ್ತಿ ಬಿಟ್ಟರೆ ಸಾಕು. ಬಿಗೋನಿಯಾ ಬೀಜ ಅಕ್ಷರಶಃ ಧೂಳು, ಒಂದು ಗ್ರಾಮಿನಲ್ಲಿ ಹತ್ತಾರು ಸಾವಿರ ಇರುತ್ತವೆ. ಒಣ ಸಣ್ಣ ಮರಳಿನ ಜೊತೆ ಬೆರೆಸಿ, ಮಡಚಿದ ಕಾಗದದಿಂದ ತಟ್ಟಿ ಉದುರಿಸಿ. ಮುಚ್ಚಬೇಡಿ. ಮೇಲಿಂದ ನೀರು ಹಾಕಿದರೆ ಎಲ್ಲ ಒಂದು ಮೂಲೆಗೆ ಹರಿದುಹೋಗುತ್ತವೆ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು, ತಳದಿಂದ ತೇವ ಏರಿದ ಮೇಲೆ ತೆಗೆಯಿರಿ. ಬೋರ್‌ವೆಲ್ ನೀರು ಗಡಸಾಗಿರುವ ಬಡಾವಣೆಗಳಲ್ಲಿ ಮಳೆನೀರು ಹಿಡಿದಿಟ್ಟುಕೊಳ್ಳಿ. ಕಾವೇರಿ ನೀರಾದರೆ ಒಂದು ರಾತ್ರಿ ಬಿಟ್ಟು ಬಳಸಿ.

ಬಿಸಿ ಬಯಸುವ ಕಾಬಾಳೆ, ತಾವರೆ, ಬರ್ಡ್ ಆಫ್ ಪ್ಯಾರಡೈಸ್ ಬೀಜಕ್ಕೆ ಶಿವರಾತ್ರಿ ಕಳೆದ ಮೇಲಿನ ಕಾಲ ಸರಿ. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು. ಆಗ ಯಾವ ಟ್ರೇಯನ್ನೂ ಬಯಲಲ್ಲಿ ಬಿಡಬೇಡಿ. ಸಂಪಿಗೆಯಂಥ ಎಣ್ಣೆ ಬೀಜಕ್ಕೆ ಇರುವೆ, ಅಳಿಲು, ಇಲಿ ಮೂರೂ ಬರುತ್ತವೆ. ಜಾಲರಿ ಮುಚ್ಚಿ, ಟ್ರೇಯ ಕೆಳಗಿನ ಇಟ್ಟಿಗೆಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ.

ಎದ್ದ ಮೇಲೆ

ಕಷ್ಟಪಟ್ಟು ಎದ್ದ ಸಸಿ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿಬಿಟ್ಟರೆ ಅದು ಸಸಿ ಕೊಳೆ ರೋಗ. ಬಿದ್ದದ್ದು ಮತ್ತೆ ಏಳುವುದಿಲ್ಲ. ಅದರ ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ಮುಚ್ಚಳ ತೆರೆದು ಗಾಳಿ ಆಡಿಸಿ, ಎರಡು ದಿನ ನೀರು ನಿಲ್ಲಿಸಿ. ಮೊಳಕೆ ಕಂಡ ದಿನದಿಂದಲೇ ಪ್ಲಾಸ್ಟಿಕ್ ಹೊದಿಕೆಯನ್ನು ದಿನಾ ಸ್ವಲ್ಪ ಸ್ವಲ್ಪ ತೆರೆಯುತ್ತಾ ಬಂದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಕೆಲವು ಸಸಿ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡೇ ಬರುತ್ತವೆ. ಕೀಳಬೇಡಿ, ಕುತ್ತಿಗೆ ಮುರಿಯುತ್ತದೆ. ಬೆಳಿಗ್ಗೆ ಸಂಜೆ ಒಂದೊಂದು ಹನಿ ನೀರು ಬಿಟ್ಟರೆ ಮೆತ್ತಗಾಗಿ ತಾನೇ ಕಳಚುತ್ತದೆ. ಮೊದಲ ಜೋಡಿ ಎಲೆ ಬೀಜದ ಎಲೆ. ಆಮೇಲೆ ಬರುವ ಎರಡು ನಿಜವಾದ ಎಲೆ ಕಂಡಾಗ ಬೇರೆ ಕವರಿಗೆ ಎತ್ತಿ ನೆಡಿ. ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಒಂದು ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು, ಪೂರ್ತಿ ಬಿಸಿಲು ತಿಂಗಳಾದ ಮೇಲೆ.

ಏಳದ ಕುಂಡಗಳು

ನಮ್ಮ ತಾರಸಿಯ ಮೂಲೆಯಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಆರೇಳು ಕುಂಡ ಯಾವಾಗಲೂ ಖಾಲಿ ಇದ್ದ ಹಾಗೆ ಕಾಣುತ್ತವೆ. ಪ್ರತಿಯೊಂದರಲ್ಲೂ ಐಸ್‌ಕ್ರೀಂ ಕಡ್ಡಿ ಚುಚ್ಚಿ, ಪೆನ್ಸಿಲ್‌ನಲ್ಲಿ ಹೆಸರು, ತಾರೀಖು, ಬೀಜಕ್ಕೆ ಏನು ಮಾಡಿದೆ ಅಂತ ಬರೆದಿರುತ್ತೇನೆ. ಪೆನ್ನಿನ ಬರಹ ಒಂದು ಮಳೆಗೆ ಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಏಳು ತಿಂಗಳ ಮೇಲೆ ಬರ್ಡ್ ಆಫ್ ಪ್ಯಾರಡೈಸ್ ಎದ್ದದ್ದು ಇಲ್ಲೇ, ಜೂನಿನ ಮೊದಲ ಮಳೆ ಬಿದ್ದ ವಾರ.

ಒಂದು ವರ್ಷ ಕಳೆದರೂ ಏನೂ ಕಾಣದಿದ್ದರೆ ಕವುಚುವ ಮುಂಚೆ ಒಂದು ಬೀಜ ಕೆದಕಿ ತೆಗೆದು, ಬೆರಳಿನಲ್ಲಿ ಒತ್ತಿ ನೋಡಿ. ಪಿಚಕ್ ಅಂತ ಒಡೆದು ಕೆಟ್ಟ ವಾಸನೆ ಬಂದರೆ ಅದು ಮುಗಿಯಿತು. ಗಟ್ಟಿ ಇದ್ದು ಉಬ್ಬಿಲ್ಲದಿದ್ದರೆ ಸಿಪ್ಪೆಗೆ ಇನ್ನೂ ದಾರಿ ಆಗಿಲ್ಲ ಅಂತ ಅರ್ಥ. ಉಳಿದ ಬೀಜಗಳನ್ನೂ ತೆಗೆದು ಮತ್ತೊಮ್ಮೆ ಉಜ್ಜಿ. ಗಟ್ಟಿ ಇದ್ದು, ಉಬ್ಬಿಯೂ ಇದ್ದರೆ ಅಲ್ಲೇ ಮುಚ್ಚಿ, ನೀರು ಹಾಕಿ, ಕಡ್ಡಿಯ ಮೇಲೆ ಇವತ್ತಿನ ತಾರೀಖು ಸೇರಿಸಿ.